ಕುಂಬಳಕಾಯಿ ಒಡೆಯುವ ಮಗ

ನನ್ನ ತಂಗಿಯನ್ನು ಅಪ್ಪ ಕರೆಯುತ್ತಿದ್ದುದೇ ‘ಮಗನೇ’ ಎಂದು. ನನ್ನನ್ನು ‘ಅಮ್ಮಣ್ಣಿ’ ಎಂದು. ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿಂದಲೇ. ಅಮ್ಮಣ್ಣಿಗೆ ಹೂವು, ಬಳೆ. ಮಗನಿಗೆ ಸ್ಪ್ಯಾನರ್, ಸ್ಕೂಟರಿನ ಕೀ, ಹಲಸೂರಿಗೆ ಸ್ಪೇರ್ ಪಾರ್ಟ್ ತರಲು ಹೊರಟರೆ ಅಪ್ಪನ ಹಿಂದಿನ ಸೀಟು. ಮರ್ಫಿ ಟೌನಿನ ನಮ್ಮ ಗ್ಯಾರೇಜಿಗೆ ಬಂದವರೆಲ್ಲ ಅವಳನ್ನು ಗಂಡುಹುಡುಗನ ಹಾಗೆ ಬೆಳೆಸಿದ್ದೀರಿ ಎಂದು ಹೊಗಳುವಾಗ ನಾನು ಕಾಫಿ ಲೋಟ ಹಿಡಿದು ಅಲ್ಲೇ ನಿಂತಿರುತ್ತಿದ್ದೆ.

ಈಗ ನಾನು ಮಹದೇವಪುರದ ಕಂಪನಿಯೊಂದರಲ್ಲಿದ್ದೇನೆ. ‘ಚೇರ್‌ಮನ್’ ಅನ್ನಬಾರದು, ಹೆಂಗಸರನ್ನೂ ಸೇರಿಸಿ ‘ಗೈಸ್’ ಅನ್ನಬಾರದು ಎಂದು ಅಲ್ಲಿ ತರಬೇತಿ ಕೊಟ್ಟರು. ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದವಳು ನಾನೇ. ಸಂಜೆ ಮನೆಗೆ ಬಂದರೆ ಅಪ್ಪ ಗ್ಯಾರೇಜಿನಿಂದ ‘ಮಗನೇ’ ಎಂದು ಕೂಗುತ್ತಿದ್ದರು. ಆ ಪದ ನನಗೆ ಬೇಕಿತ್ತು, ಅಷ್ಟೆ.

ಆಯುಧಪೂಜೆಯ ದಿನವಂತೂ ಸಹಿಸಲಾಗುತ್ತಿರಲಿಲ್ಲ. ಬೂದುಗುಂಬಳಕಾಯಿಯನ್ನು ಹೆಂಗಸರು ಒಡೆಯಬಾರದು ಎನ್ನುವುದು ನಮ್ಮ ಕಡೆಯ ವಾಡಿಕೆ. ಅಪ್ಪನ ಭುಜ ಹಿಡಿದುಕೊಂಡು ಕೈ ಎತ್ತಲಾಗದೆ ಹೋದ ವರ್ಷ ಅಮ್ಮ ಪಕ್ಕದ ಅಂಗಡಿಯವರನ್ನು ಕರೆಯಲು ಹೊರಟಳು.

“ಯಾಕೆ, ಮಗ ಇದಾನಲ್ಲ” ಎಂದು ಅಪ್ಪ ಕಾಯಿಯನ್ನು ತಂಗಿಯ ಕೈಗಿಟ್ಟರು. ಹಿರಿಯವಳಾದ ನಾನು ಕುಂಕುಮದ ಬಟ್ಟಲು ಹಿಡಿದು ಉರಿದುಹೋದೆ. ಅಲ್ಲಿಂದ ಪ್ರತಿ ವರ್ಷ ಅವಳೇ ಒಡೆದಳು, ಪ್ರತಿ ವರ್ಷ ಬಟ್ಟಲು ನನಗೇ.

ಈ ಸಲ ಅವಳು ಕಾಯಿ ಎತ್ತಿಕೊಳ್ಳುವ ಹೊತ್ತಿಗೆ ನಾನು ಮುಂದೆ ಹೋದೆ.

“ಅಪ್ಪಾ, ಈ ಸಲ ನಾನ್ ಒಡೀತೀನಿ.”

ಅಪ್ಪ ಆಗಲಿ ಎಂದು ಕೈಯಾಡಿಸಿದರು. ಬಟ್ಟಲನ್ನು ತಂಗಿಯ ಕೈಗೆ ತುರುಕಿ ಕಾಯಿ ಇಸಿದುಕೊಂಡೆ. ರಿಪೇರಿಗೆ ಬಂದ ಗಾಡಿಗಳಿಗೆಲ್ಲ ನಿವಾಳಿಸಿ, ಇದ್ದಬದ್ದ ಸಿಟ್ಟನ್ನೆಲ್ಲ ಸೇರಿಸಿ ನೆಲಕ್ಕೆ ಅಪ್ಪಳಿಸಿದೆ. ಹೋಳುಗಳು ರಸ್ತೆಯ ಆಚೆಗೂ ಹೋದವು. ಒಳಗೆ ತುಂಬಿದ್ದ ಕುಂಕುಮ ನನ್ನ ಸೀರೆಗೆಲ್ಲ ಹಾರಿತು.

ಅಪ್ಪ ಬೀದಿಗೆಲ್ಲ ಕೇಳುವ ಹಾಗೆ ನಕ್ಕರು. “ನೋಡ್ರೀ, ನಂಗೆ ಇಬ್ರು ಗಂಡ್ಮಕ್ಳು.”

ನಾನು ಹಿಗ್ಗಿ ಹೀರೇಕಾಯಿಯಾದೆ. ಆಫೀಸಿನ ತರಬೇತಿ ನೆನಪಿಗೂ ಬರಲಿಲ್ಲ. ಹಿಗ್ಗಿಕೊಂಡೇ ತಂಗಿಯ ಕಡೆ ತಿರುಗಿದೆ. ಇಷ್ಟು ವರ್ಷ ನನ್ನ ಮುಖ ಹೇಗಿತ್ತು ಎಂದು ಆಗ ಗೊತ್ತಾಯಿತು, ಏಕೆಂದರೆ ಅದೀಗ ಅವಳದಾಗಿತ್ತು.

“ನಿಂಗೆ ಆಫೀಸಿದೆ ಅಕ್ಕ,” ಅಂದಳು ಮೆಲ್ಲಗೆ. “ನಂಗೆ ಇದೊಂದೇ ಇದ್ದಿದ್ದು.”

ಬಟ್ಟಲು ಇನ್ನೂ ಅವಳ ಕೈಯಲ್ಲೇ ಇತ್ತು. ವಾಪಸ್ ತೆಗೆದುಕೊಳ್ಳಲು ನಾನು ಕೈ ಚಾಚಲಿಲ್ಲ.