ಅಂಚು ತೆಗೆದ ಕಾರು

ತಾಜ್ ಪಾಷಾ ಚನ್ನಪಟ್ಟಣದಲ್ಲಿ ಹುಟ್ಟಿ, ಬೆಳೆದು, ಗಡ್ಡ ನೆರೆಯುವವರೆಗೂ ಕಾರು ಮಾಡಿದವನು. ಹಾಗಂತ ಯಾರಾದರೂ ಸಾಲದ ಅರ್ಜಿ ಹಿಡಿದು ಅವನ ಮನೆ ಮುಂದೆ ನಿಂತರೆ ನಿರಾಸೆಯೇ ಗತಿ. ಅವನ ಕಾರು ಅಂಗೈಯಗಲದ್ದು. ಹಾಲೆ ಮರದ ತುಂಡನ್ನು ಲೇತಿಗೆ ಕಟ್ಟಿ, ಉಳಿ ಹಿಡಿದು ದುಂಡಗೆ ತೆಗೆದು, ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ ಬಣ್ಣ ಕೂರಿಸಿ, ತಾಳೆಗರಿಯಿಂದ ಹೊಳಪು ಕೊಟ್ಟು, ಕೆಳಗೆ ನಾಲ್ಕು ಚಕ್ರ ಸಿಕ್ಕಿಸಿದರೆ ಅದು ಕಾರು. ಚಕ್ರ ಮರೆತರೆ ಬದನೆಕಾಯಿ.

ಆ ಬದನೆಕಾಯಿಗೆ ಜೀವ ಬರುತ್ತಿದ್ದದ್ದು ಅವನ ತಮ್ಮ ಆಫ್ತಾಬ್‌ನ ಕುಂಚದಿಂದ. ಎರಡು ಕಣ್ಣು, ಒಂದು ನಗು, ಪಕ್ಕದಲ್ಲಿ ಕೂದಲೆಳೆಯಷ್ಟು ಸಪೂರ ಬಿಳಿ ಗೆರೆ. ಅಣ್ಣ ತಿರುಗಿಸುವುದು, ತಮ್ಮ ಬರೆಯುವುದು. ಮನೆಮಾತು ಉರ್ದು, ಕಸುಬಿನ ಮಾತು ಕನ್ನಡ, ಜಗಳ ಎರಡರಲ್ಲೂ. ಆಫ್ತಾಬ್ ಮದುವೆಯಾಗಲಿಲ್ಲ. ಕೇಳಿದವರಿಗೆ, "ದಿನಾ ಇಷ್ಟೊಂದು ಜನಕ್ಕೆ ಕಣ್ಣು ಹೊಡೀತೀನಲ್ಲ, ಸಾಲದಾ?" ಅನ್ನುತ್ತಿದ್ದ.

ಇವರ ಕಾರ್ಖಾನೆಯಲ್ಲಿ, ಅಂದರೆ ಮನೆಯ ಹಿಂದಿನ ಶೀಟು ಹೊದಿಸಿದ ಕೋಣೆಯಲ್ಲಿ, ಅವರಪ್ಪನ ಕಾಲದಿಂದ ಒಂದು ಪದ್ಧತಿ ಇತ್ತು. ಮುಗಿದ ಬೊಂಬೆಯನ್ನು ಡಬ್ಬಕ್ಕೆ ಹಾಕುವ ಮೊದಲು ಕೆನ್ನೆಯ ಮೇಲೆ ಆಡಿಸಿ ನೋಡಬೇಕು. ಎಲ್ಲಾದರೂ ಒಂಚೂರು ಕೆರೆಯಿತೋ, ವಾಪಸ್ಸು ಲೇತಿಗೆ. ಮಕ್ಕಳು ಬೊಂಬೆಯನ್ನು ಮೊದಲು ನೋಡುವುದು ಬಾಯಿಂದ, ಆಮೇಲೆ ಕಣ್ಣಿಂದ ಎಂಬುದು ಅಪ್ಪನ ವಾದ. ತಾಜ್ ಪಾಷಾನ ಬಲಗೆನ್ನೆಯಲ್ಲಿ ಗಡ್ಡ ತುಸು ತೆಳ್ಳಗಿರುವುದಕ್ಕೆ ಇದೇ ಕಾರಣ ಎಂದು ಅವನ ಹೆಂಡತಿ ಬಿಸ್ಮಿಲ್ಲಾ ಬಂದವರಿಗೆಲ್ಲ ಹೇಳುತ್ತಿದ್ದಳು.

ಆಫ್ತಾಬ್ ಅಂದರೆ ಸೂರ್ಯ. ಹೆಸರಿಟ್ಟ ಅಪ್ಪ ಗ್ರಹಣದ ಬಗ್ಗೆ ಯೋಚಿಸಿರಲಿಲ್ಲ. ಸಕ್ಕರೆ ಕಾಯಿಲೆ ಮೊದಲು ಅವನ ಬಲಗಣ್ಣನ್ನು ತಿಂದಿತು. ಎಡಗಣ್ಣಿಗೆ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟ ಬೆಂಗಳೂರಿನ ಡಾಕ್ಟರು, "ಇರೋವಷ್ಟು ದಿನ ಇರುತ್ತೆ" ಎಂದರು. ದೇವರು ಹೇಳಬೇಕಾದ್ದನ್ನು ಡಾಕ್ಟರು ಹೇಳಿದರೆ ಅದು ಒಳ್ಳೆಯ ಸುದ್ದಿಯಲ್ಲ ಎಂದು ಎಲ್ಲರಿಗೂ ಗೊತ್ತಾಯಿತು.

ಆ ಸಂಜೆ ಆಫ್ತಾಬ್ ಅತ್ತಿಗೆ ಕೊಟ್ಟ ಸಪ್ಪೆ ಟೀ ಕುಡಿಯುತ್ತ ಹೇಳಿದ. "ಹೋಗೋದಾದ್ರೆ ಹೋಗ್ಲಿ ಭಾಭಿ. ಆಯಸ್ಸೆಲ್ಲ ಬದನೆಕಾಯಿಗೆ ಕಣ್ಣು ಬರೆದೆ. ಒಂದೇ ಒಂದು ನಿಜವಾದ ಕಾರನ್ನ ಕೈಯಾರ ಮಾಡಿ, ಕಣ್ತುಂಬ ನೋಡ್ಬೇಕು. ಆಮೇಲೆ ಹೋಗ್ಲಿ."

ನಿಜವಾದ ಕಾರು ಅಂದರೆ ಅವನ ಲೆಕ್ಕದಲ್ಲಿ ರೇಸ್ ಕಾರು. ಫೋನಿನಲ್ಲಿ ಅದನ್ನೇ ನೋಡುತ್ತಿದ್ದ. ರಾಮನಗರಕ್ಕೆ ರೇಷ್ಮೆ, ನಮ್ಮ ಆಫ್ತಾಬ್‌ಗೆ ರೇಸು. ತಾಜ್ ಪಾಷಾನ ಮಗಳು ಮಹ್ವಿಶ್, ಹಾರೋಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡುವವಳು, ಚಿಕ್ಕಪ್ಪನ ಮಾತನ್ನು ಕೇಳಿಸಿಕೊಂಡು ಫೋನು ಹಿಡಿದು ಎದ್ದುಹೋದಳು. ಸುಮಾರು ದಿನದ ಮೇಲೆ ಜಪಾನಿನಿಂದ ಒಂದು ಪೆಟ್ಟಿಗೆ ಬಂತು. ಒಳಗೆ ಕಾರಿರಲಿಲ್ಲ, ಕಾರಾಗಬಹುದಾದ ಚೂರುಗಳಿದ್ದವು. ಪ್ಲಾಸ್ಟಿಕ್ ಚೌಕಟ್ಟುಗಳಿಗೆ ಅಂಟಿಕೊಂಡ ನೂರಾರು ತುಣುಕು, ಅಕ್ಕಿಕಾಳಿಗಿಂತ ಸಣ್ಣ ಬೋಲ್ಟು, ಉಗುರಿನಷ್ಟು ಕನ್ನಡಿ, ಬಣ್ಣದ ಸ್ಟಿಕರು. ಎಲ್ಲ ಸೇರಿದರೆ ಹತ್ತಿರ ಹತ್ತಿರ ಮೊಳದುದ್ದದ ಕೆಂಪು ರೇಸ್ ಕಾರು, ಅಸಲಿ ಕಾರಿನ ಪಡಿಯಚ್ಚು.

ಕಾರು ಬಂದ ಮೇಲೆ ಮನೆಯ ಕಾರುಬಾರೆಲ್ಲ ಅದರದೇ. ಆಫ್ತಾಬ್ ಬಾಗಿಲ ಬೆಳಕಿಗೆ ಮಣೆ ಹಾಕಿಕೊಂಡು, ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿ, ಚಿಮಟದಲ್ಲಿ ಒಂದೊಂದೇ ತುಣುಕನ್ನು ಎತ್ತಿ, ಬಣ್ಣ ಹಚ್ಚಿ, ಅಂಟಿಸುತ್ತಿದ್ದ.

"ಫ್ಯಾನ್ ಹಾಕಂಗಿಲ್ಲ, ಕಸ ಗುಡಿಸಂಗಿಲ್ಲ, ಸೀನಂಗಿಲ್ಲ" ಎಂದು ಬಿಸ್ಮಿಲ್ಲಾ ಗೊಣಗಿದಳು. "ಮಹ್ವಿಶ್ ಹುಟ್ದಾಗ ನಾನು ಬಾಣಂತಿ ಇದ್ನಲ್ಲ, ಆಗ್ಲೂ ಈ ಮನೇಲಿ ಇಷ್ಟು ಪಥ್ಯ ಇರ್ಲಿಲ್ಲ."

"ಆಗ ಹುಟ್ಟಿದ್ದು ಬರೀ ಮಗು ಭಾಭಿ" ಎಂದ ಆಫ್ತಾಬ್. "ಇದಕ್ಕೆ ಎಂಜಿನ್ ಐತೆ."

ತಾಜ್ ಪಾಷಾ ಲೇತಿನ ಮುಂದೆ ಕೂತು ಇದನ್ನೆಲ್ಲ ನೋಡುತ್ತಿದ್ದ. ಜೀವಮಾನವೆಲ್ಲ ಜೊತೆಯಲ್ಲೇ ಕೆಲಸ ಮಾಡಿದ ತಮ್ಮ ಮೊದಲ ಬಾರಿಗೆ ಅವನ ಕೈ ಬೇಡದ ಕೆಲಸ ಹಿಡಿದಿದ್ದ. ಆಗಾಗ ಎದ್ದು ಬಂದು, "ನಾನೇನಾದ್ರೂ ಮಾಡ್ಲೇನ್ಲಾ?" ಎನ್ನುವನು. "ನೀನು ಉಸಿರು ಆ ಕಡೆ ಬಿಡು ಭಾಯಿ, ಅಷ್ಟು ಸಾಕು" ಎನ್ನುವನು ಆಫ್ತಾಬ್. ಬೇಜಾರಾದೀತೆಂದು ಆಮೇಲೆ ತಾನೇ ಕರೆದು ವಿವರಿಸುವನು. ಹಿಂದುಗಡೆ ಇರೋದು ರೆಕ್ಕೆ. ಹಾರೋಕಲ್ಲ, ಹಾರದೇ ಇರೋಕೆ. ಗಾಳಿ ಅದನ್ನ ನೆಲಕ್ಕೆ ಒತ್ತುತ್ತೆ. ಅಂಚು ಬ್ಲೇಡಿನ ಹಂಗಿರ್ಬೇಕು, ಗಾಳಿ ಸೀಳ್ಬೇಕು. ಇಡೀ ಕಾರಿನ ಚೆಂದ ಇರೋದು ಆ ಅಂಚಲ್ಲಿ.

ಕಾರಿನ ಮೈ ಮುಗಿದು, ರೆಕ್ಕೆಗಳಿಗೆ, ಕನ್ನಡಿಗಳಿಗೆ ಬಣ್ಣವಾಗಿ, ಇನ್ನೇನು ಅಂಟಿಸಬೇಕು ಅನ್ನುವಾಗ ಒಂದು ಬೆಳಿಗ್ಗೆ ಆಫ್ತಾಬ್, "ಭಾಯಿ, ಯಾರೋ ಕಣ್ಣೊಳಗೆ ಮಸಿ ಚೆಲ್ಲಿದಂಗೈತೆ" ಎಂದ. ಕಣ್ಣೊಳಗೆ ರಕ್ತನಾಳ ಒಡೆದಿತ್ತು. ಮಹ್ವಿಶ್ ರಜಾ ಹಾಕಿ ಅವನನ್ನು ಬೆಂಗಳೂರಿಗೆ ಕರೆದೊಯ್ದಳು. ಆಪರೇಷನ್ ಆಯಿತು. ಒಂದು ವಾರ ಬೋರಲು ಮಲಗಿರಬೇಕೆಂದು ಅಲ್ಲೇ ಉಳಿಸಿಕೊಂಡರು.

ಇತ್ತ ಮನೆಯಲ್ಲಿ ತಾಜ್ ಪಾಷಾ ಮತ್ತು ಕಾರು. ಕೆಲಸಕ್ಕೆ ಮನಸ್ಸಿಲ್ಲ. ಪೇಪರಿನ ಮೇಲೆ ಒಣಗುತ್ತಿದ್ದ ಹಿಂದಿನ ರೆಕ್ಕೆಯನ್ನು ಕೈಗೆತ್ತಿಕೊಂಡ. ಮುಗಿದ ಯಾವ ವಸ್ತು ಕೈಗೆ ಬಂದರೂ ಆ ಕೈ ಏನು ಮಾಡುತ್ತದೋ ಅದನ್ನೇ ಮಾಡಿತು. ರೆಕ್ಕೆ ಕೆನ್ನೆಗೆ ಹೋಯಿತು. ಚರಕ್ಕನೆ ಕೆರೆಯಿತು.

ತಮ್ಮ ಹೇಳಿದ್ದು ಅವನಿಗೆ ಮರೆತಿರಲಿಲ್ಲ. ಆದರೆ ಅದಕ್ಕಿಂತ ಜೋರಾಗಿ ಇನ್ನೊಂದು ಯೋಚನೆ ತಲೆಯಲ್ಲಿ ಕೂತಿತ್ತು. ಆ ಕಣ್ಣು ಇನ್ನು ಬರುವುದಿಲ್ಲ. ನಾಳೆ ಇವನು ಈ ಕಾರನ್ನು ನೋಡುವುದಿದ್ದರೆ ಬೆರಳಿನಿಂದ. ಬೆರಳಿಟ್ಟಲ್ಲೆಲ್ಲ ಚುಚ್ಚಿದರೆ?

ಉಪ್ಪುಕಾಗದ ತಂದ. ಮೊದಲು ಹಿಂದಿನ ರೆಕ್ಕೆ, ಆಮೇಲೆ ಮುಂದಿನದು, ಆಮೇಲೆ ಕನ್ನಡಿಯ ಮೂಲೆಗಳು, ಮೂತಿಯ ತುದಿ, ಸೂಜಿಯಂತೆ ನಿಂತಿದ್ದ ಆಂಟೆನಾ. ಮಗುವಿನ ಉಗುರು ತೆಗೆಯುವಷ್ಟು ಹುಷಾರಾಗಿ, ಒಂದೊಂದೇ ಅಂಚನ್ನು ನಯವಾಗಿ ಉಜ್ಜಿದ. ಬಣ್ಣ ಹೋದಲ್ಲಿ ತಾನೇ ತೀಡಿದ. ಎಷ್ಟೋ ದಿನದ ಮೇಲೆ ಅವನ ಮನಸ್ಸು ಒಂಚೂರು ಹಗುರಾಗಿತ್ತು.

"ಅವನನ್ನ ಒಂದು ಮಾತು ಕೇಳ್ಬಾರ್ದಾ?" ಎಂದಳು ಬಿಸ್ಮಿಲ್ಲಾ.

"ಕೇಳೋಕೇನೈತೆ? ಚುಚ್ಚುತ್ತೆ ಕಣೆ, ನೋಡು ಬೇಕಾದ್ರೆ."

ಆಫ್ತಾಬ್ ವಾಪಸ್ಸು ಬಂದ. ಅವನಿಗೆ ಕಣ್ಣು ಕಾಣುತ್ತಿತ್ತು.

ಬಾಗಿಲಲ್ಲೇ ನಿಂತು, ಕಪ್ಪು ಕನ್ನಡಕ ತೆಗೆದು, "ಭಾಯಿ! ನಿನ್ನ ಗಡ್ಡದಾಗೆ ಮರದ ಹೊಟ್ಟು ಐತೆ, ಕಾಣ್ತಾ ಐತೆ!" ಎಂದು ಕೂಗಿದ. ಪೂರ್ತಿಯಲ್ಲ, ಬಹಳ ದಿನಕ್ಕೂ ಅಲ್ಲ, ಅಂತ ಡಾಕ್ಟರು ಹೇಳಿದ್ದರು. ಆದರೂ ಕಾಣುತ್ತಿತ್ತು. ಚಪ್ಪಲಿ ಬಿಟ್ಟವನೇ ಸೀದಾ ಕಾರಿನ ಹತ್ತಿರ ಹೋಗಿ ಕೂತ. ರೆಕ್ಕೆಯನ್ನು ಎತ್ತಿ ಬೆಳಕಿಗೆ ಹಿಡಿದ. ಕೆಳಗಿಟ್ಟ. ಕನ್ನಡಿ ಎತ್ತಿದ. ಕೆಳಗಿಟ್ಟ. ಚಿಮಟ ಮುಟ್ಟಲಿಲ್ಲ.

"ಯಾರು ಉಜ್ಜಿದ್ದು?"

"ನಾನೇ" ಎಂದ ತಾಜ್ ಪಾಷಾ. "ಕೈಗೆ ಚುಚ್ತಿತ್ತು ಕಣ್ಲಾ."

"ರೇಸ್ ಕಾರು ಭಾಯಿ ಇದು. ಮಗು ಬಾಯಿಗೆ ಇಟ್ಕೊಳ್ಳಲ್ಲ."

"ಮಗೂಗಲ್ಲ... ನಾಳೆ ನೀನು... ಮುಟ್ಟಿ ನೋಡೋ ಹಂಗಾದ್ರೆ..."

 

"ಓಹೋ" ಎಂದ ಆಫ್ತಾಬ್, ಮೆಲ್ಲಗೆ. "ಆ ಡಾಕ್ಟರು ಇಷ್ಟೆಲ್ಲ ಓದ್ಕೊಂಡಿದ್ರೂ ಬಾಯಿ ಬುಟ್ಟು ಹೇಳ್ಲಿಲ್ಲ. ನೀನು ಮನೇಲಿ ಕೂತು ನನ್ನ ಕುರುಡ ಮಾಡಿ ಮುಗಿಸ್ಬುಟ್ಟೆ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆಫ್ತಾಬ್ ಕಾರಿನ ಮೇಲೊಂದು ಟವೆಲು ಹೊದಿಸಿ, ಗೋಡೆ ಕಡೆ ತಿರುಗಿ ಮಲಗಿದ. ಹೆಣಕ್ಕೆ ಹೊದಿಸಿದಂತಿದೆ ಎಂದು ಬಿಸ್ಮಿಲ್ಲಾಗೆ ಅನಿಸಿತು. ಮಹ್ವಿಶ್ ಫೋನು ಹಿಡಿದು ಹುಡುಕಿದಳು. ಇನ್ನೊಂದು ಪೆಟ್ಟಿಗೆ ಬರಲು ತಿಂಗಳುಗಳೇ ಹಿಡಿಯುತ್ತಿದ್ದವು. ಅಷ್ಟು ಕಾಲ ಕಾಯುವ ಕಣ್ಣು ಆ ಮನೆಯಲ್ಲಿರಲಿಲ್ಲ.

ಅದಾದ ಎರಡನೇ ದಿನಕ್ಕೋ ಮೂರನೇ ದಿನಕ್ಕೋ ಕೈಲಾಂಚದಿಂದ ಮರ ತಂದು ಮಾರುವ ನರಸಯ್ಯ ಮೊಪೆಡ್ಡಿನ ಹಿಂದೆ ಹಾಲೆ ಕೊಂಬೆಗಳನ್ನು ಕಟ್ಟಿಕೊಂಡು ಬಂದ. ತಾಜ್ ಪಾಷಾ ಎಂದಿನಂತೆ ಚೌಕಾಸಿ ಮಾಡದಿದ್ದದ್ದು ನೋಡಿ ಅವನಿಗೇ ಗಾಬರಿಯಾಯಿತು.

"ಏನ್ ಪಾಸಣ್ಣ, ಮಖ ಯಾಕಿಂಗೈತೆ?"

"ಚೆನ್ನಾಗಿ ಒಣಗಿರೋದು ಒಂದು ತುಂಡು ಬೇಕು ನರಸಯ್ಯ. ಗಂಟು ಇರಬಾರ್ದು, ಎಳೆ ನೆಟ್ಟಗಿರ್ಬೇಕು. ರೆಕ್ಕೆ ಮಾಡ್ಬೇಕು."

"ಯಾವ ಹಕ್ಕೀದು?"

"ಹಕ್ಕೀದಲ್ಲ, ಕಾರಿಂದು."

"ಕಾರ್ಗೆ ರೆಕ್ಕೆಯಾ? ಯಾಕಣ್ಣ, ಟ್ರಾಫಿಕ್ ಜಾಸ್ತಿ ಅಂತ್ಲಾ?"

"ಹಾರ್ದೇ ಇರ್ಲಿ ಅಂತ" ಎಂದ ತಾಜ್ ಪಾಷಾ. ನರಸಯ್ಯ ಅವನ ಮುಖವನ್ನು ಇನ್ನೊಮ್ಮೆ ನೋಡಿ, ನಗುವುದನ್ನು ಬಿಟ್ಟು, ಕೊಂಬೆಗಳ ನಡುವೆ ಹುಡುಕಿ ಒಂದು ತುಂಡು ತೆಗೆದುಕೊಟ್ಟ.

ಲೇತು ಕೊಡುವುದು ದುಂಡನ್ನು ಮಾತ್ರ. ತಾಜ್ ಪಾಷಾನ ಕೈಗೆ ಗೊತ್ತಿದ್ದದ್ದೂ ಅದೇ. ಚಪ್ಪಟೆಯಾದ, ಎಲೆಯಂತೆ ತೆಳ್ಳನೆಯ, ಅಂಚು ಹರಿತವಾದ ಒಂದು ವಸ್ತುವನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ. ಚಾಕು ಹಿಡಿದು ಕೂತ. ಮೊದಲನೆಯದು ಮುರಿಯಿತು. ಎರಡನೆಯದು ಸೀಳಿತು. ಆಮೇಲಾಮೇಲೆ ಎಷ್ಟು ಮುರಿದವೋ ಅಷ್ಟನ್ನೂ ಬಿಸ್ಮಿಲ್ಲಾ ಒಲೆಗೆ ಹಾಕಿಕೊಂಡಳು. ಒಂದು ಉಳಿದಾಗ ತಮ್ಮನ ದಿಂಬಿನ ಪಕ್ಕ ಇಟ್ಟು ಬಂದ.

ಆಫ್ತಾಬ್ ಅದನ್ನೆತ್ತಿ ಕಿಟಕಿಗೆ ಹಿಡಿದು ನೋಡಿ, "ದಪ್ಪ" ಎಂದ.

ಮಾರನೆಯ ದಿನ ಇನ್ನೊಂದು. "ದಪ್ಪ." ಆಮೇಲೆ, "ತೆಳ್ಳಗಾಗೈತೆ, ಅಂಚು ಇಲ್ಲ." ಒಂದೊಂದೇ ಪದದಲ್ಲಿ ಅಣ್ಣತಮ್ಮಂದಿರ ಮಾತು ಮತ್ತೆ ಶುರುವಾಯಿತು. ನಡುವೆ ಒಂದು ದಿನ ಆಫ್ತಾಬ್ ತುಂಡನ್ನು ಕಿಟಕಿಗೆ ಹಿಡಿಯಲಿಲ್ಲ. ಹೆಬ್ಬೆರಳಿನ ಉಗುರನ್ನು ಅಂಚಿನುದ್ದಕ್ಕೂ ಎಳೆದು, "ಇನ್ನೊಸಿ" ಎಂದ. ತಾಜ್ ಪಾಷಾ ನೋಡಿದ. ನೋಡಿದೆ ಎಂದು ತೋರಿಸಿಕೊಳ್ಳಲಿಲ್ಲ. ಅವತ್ತು ಊಟಕ್ಕೂ ಏಳದೆ ಕೆತ್ತಿದ.

ಕೊನೆಗೊಂದು ದಿನ, "ಇದು ರೆಕ್ಕೆ" ಎಂದ ಆಫ್ತಾಬ್. ಎದ್ದು ಕೂತು ಕುಂಚ ಕೇಳಿದ. ಕಪ್ಪು ಬಣ್ಣ ಬಳಿದ. ಆಮೇಲೆ ಅಂಚಿಗೆ ಬಿಳಿ ಗೆರೆ. ಮರದ ಕಾರುಗಳಿಗೆ ಮಾತಾಡುತ್ತಲೇ ಎಳೆಯುತ್ತಿದ್ದ ಗೆರೆ ಈಗ ಅರ್ಧಕ್ಕೆ ಬಂದು, ದಾರಿ ತಪ್ಪಿ, ರೆಕ್ಕೆಯಿಂದ ಕೆಳಗಿಳಿದು ಅವನ ಬೆರಳಿನ ಮೇಲೆ ಹೋಯಿತು.

"ನೆಟ್ಟಗೆ ಬಂತಾ ಭಾಯಿ?"

"ಬಂತು" ಎಂದ ತಾಜ್ ಪಾಷಾ.

"ಸುಳ್ಳು ಹೇಳೋವಾಗ ನಿನ್ನ ದನಿ ಸಣ್ಣಗಾಗುತ್ತೆ" ಎಂದು ಆಫ್ತಾಬ್ ಕುಂಚವನ್ನು ಅಣ್ಣನ ಕೈಗೆ ಕೊಟ್ಟ. "ಇರ್ಲಿ ಬಿಡು. ಅಂಟಿಸು."

ಹೀಗೆ ಕಾರು ಮುಗಿಯಿತು. ಹಿಂದಿನ ರೆಕ್ಕೆ ಹಾಲೆ ಮರದ್ದು, ಮುಂದಿನದೂ. ಕನ್ನಡಿ, ಮೂತಿ, ಆಂಟೆನಾ ಮಾತ್ರ ಉಜ್ಜಿದವೇ. ಅವನ್ನು ಬದಲಾಯಿಸಲು ಹೊತ್ತಿಲ್ಲವೆಂದು ಇಬ್ಬರಿಗೂ ತಿಳಿದಿತ್ತು. ಬೆಳಗಿನ ಬಿಸಿಲು ಬಾಗಿಲಿಂದ ಒಳಬರುವ ಹೊತ್ತಿಗೆ ತಾಜ್ ಪಾಷಾ ಕಾರನ್ನು ಮಣೆಯ ಮೇಲಿಟ್ಟು ತಮ್ಮನನ್ನು ಎದುರಿಗೆ ಕೂರಿಸಿದ.

ಆಫ್ತಾಬ್ ಗೋಡೆ ನೋಡುತ್ತ ಕೂತ.

ತಾಜ್ ಪಾಷಾ ಮಣೆಯನ್ನು ಅವನತ್ತ ಇನ್ನಷ್ಟು ಸರಿಸಿದ. "ಸಿಟ್ಟು ಇನ್ನೂ ಹೋಗಿಲ್ವಾ? ಒಂದು ಸಲ ನೋಡ್ಲಾ ಇದನ್ನ."

"ನೋಡ್ತಾ ಇದೀನಿ ಭಾಯಿ. ನಡೂಮಧ್ಯ ಕರ್ರಗಾಗ್ಬುಟ್ಟೈತೆ. ಯಾವುದನ್ನ ನೆಟ್ಟಗೆ ನೋಡ್ತೀನೋ ಅದು ಇರಲ್ಲ. ಪಕ್ಕದ್ದು ಕಾಣುತ್ತೆ. ಗೋಡೆ ನೋಡಿದ್ರೆ ಕಾರು ಕಾಣುತ್ತೆ." ಕತ್ತನ್ನು ಒಂಚೂರು ತಿರುಗಿಸಿದ. "ತಗ್ಗಾಯ್ತು. ಕೈಯಾಗೆ ಎತ್ತಿ ಹಿಡಿ. ನಿನ್ನ ಭುಜದ ಹತ್ರ."

ತಾಜ್ ಪಾಷಾ ಕಾರನ್ನೆತ್ತಿ, ಗಡ್ಡದ ಪಕ್ಕಕ್ಕೆ ಹಿಡಿದು, ತಮ್ಮನ ಎದುರು ಕೂತ. ಆಫ್ತಾಬ್ ಅಣ್ಣನ ಮುಖಕ್ಕೆ ಕಣ್ಣು ನೆಟ್ಟ.

ಇಷ್ಟು ದಿನ ಆ ಮುಖವನ್ನು ತಪ್ಪಿಸಿಕೊಂಡೇ ಓಡಾಡಿದವನು ಈಗ ರೆಪ್ಪೆ ಅಲುಗಿಸದೆ ನೋಡುತ್ತಿದ್ದ. ಅವನ ತುಟಿಯಲ್ಲಿ ಮೆಲ್ಲಗೆ ನಗು ಮೂಡಿತು. "ಸುವ್ವರ್, ಏನ್ ಕಾರ್ಲಾ ಇದು!" ಎಂದ, ಬೈದದ್ದು ಅಣ್ಣನನ್ನೋ ಕಾರನ್ನೋ ತಿಳಿಯದಂತೆ. ತಾಜ್ ಪಾಷಾ ಕಾರನ್ನು ಅಲುಗಿಸದೆ ಹಿಡಿದ. ತಮ್ಮ ತನ್ನನ್ನೇ ದಿಟ್ಟಿಸುತ್ತಿದ್ದಾನೆ, ಆದರೆ ಆ ನೋಟದೊಳಗೆ ಇರುವುದು ಕಾರು, ತಾನಲ್ಲ. ಕಣ್ಣಲ್ಲಿ ನೀರಿಳಿಯಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ, ಒರೆಸಿಕೊಳ್ಳಬೇಕಾಗಿಯೂ ಇರಲಿಲ್ಲ.

ಒಳಗಿನಿಂದ ಬಿಸ್ಮಿಲ್ಲಾ ಟೀ ಆರುತ್ತದೆಂದು ಕೂಗಿದಳು.

"ಒಸಿ ಮೇಲೆ ಹಿಡಿ" ಎಂದ ಆಫ್ತಾಬ್. "ಹಿಂದುಗಡೆದು ಕಾಣ್ಲಿ."

ತಾಜ್ ಪಾಷಾ ಮೇಲೆ ಹಿಡಿದ.