ಪಕ್ಕದ ಖೋಲಿಯ ಸುವಾರ್ತೆ

ಮುಂಬೈಯ ದಾದರಿನ ನಮ್ಮ ಚಾಳಿನಲ್ಲಿ ಒಂದೊಂದು ಕೋಣೆಗೆ ಒಂದೊಂದು ಸಂಸಾರ. ಪಕ್ಕದ ಖೋಲಿಯಲ್ಲಿ ಧಾರವಾಡದ ಕ್ರೈಸ್ತರೊಬ್ಬರಿದ್ದರು, ಬಟ್ಟೆ ಗಿರಣಿಯಲ್ಲಿ ಕೆಲಸ. ಸಂಜೆ ಮರಳಿದಾಗ ಅವರ ಹುಬ್ಬಿನ ತುಂಬ ಹತ್ತಿಯ ಎಳೆ ಕೂತಿರುತ್ತಿತ್ತು. ಅದನ್ನು ಬೆರಳಿನಿಂದ ಮೆಲ್ಲಗೆ ಒರೆಸಿಕೊಂಡರೆಂದರೆ ಯೇಸುವಿನ ಕತೆ ಶುರುವಾಯಿತೆಂದೇ ಅರ್ಥ. ಇಳಿಬಿಸಿಲಲ್ಲಿ ಎಳೆಗಳು ತೇಲುತ್ತಿದ್ದವು. ಅವರ ಮಾತೂ ಅಷ್ಟೇ ಹಗುರಾಗಿ ತೇಲಿಬರುತ್ತಿತ್ತು.

“ಇದು ಪಾದ್ರಿಯವರ ಕೆಲಸ ಅಲ್ಲೇನ್ರಿ?” ಎಂದು ಅಪ್ಪ ಕೆಣಕುತ್ತಿದ್ದರು.

“ದೀಕ್ಷಾಸ್ನಾನ ಆದವರೆಲ್ಲಾರ ಕೆಲಸಾರಿ,” ಎಂದು ಅವರು ನಗುತ್ತಿದ್ದರು.

ಮನಸ್ಸಿಟ್ಟು ಕೇಳುತ್ತಿದ್ದವಳು ವಿಜಾಪುರದಿಂದ ಬಂದಿದ್ದ ನಮ್ಮ ಅಜ್ಜಿ ಒಬ್ಬಳೇ. ಕಣ್ಣು ಕಾಣದ ಅವಳಿಗೆ ಮುಂಬೈ ಎಂದರೆ ಬರೀ ಸದ್ದು. ಅದರ ನಡುವೆ ಅವರದೊಂದು ಊರ ಕಡೆಯ ದನಿ. ಅವಳು ವಿಠ್ಠಲನನ್ನೂ ಬಿಡಲಿಲ್ಲ, ಅವರ ಕತೆಯನ್ನೂ ಬಿಡಲಿಲ್ಲ.

ಒಂದು ಮಳೆಗಾಲದಲ್ಲಿ ಅಜ್ಜಿ ಹಾಸಿಗೆ ಹಿಡಿದಳು. ಡಾಕ್ಟರು ಕೈಚೆಲ್ಲಿದ ದಿನ ಪಕ್ಕದ ಖೋಲಿಯವರು ಬಂದು ಹಾಸಿಗೆಯ ಬಳಿ ಕೂತರು. ಸಾಯುವ ಹೊತ್ತಿನಲ್ಲಿ ತಾಯಿಯನ್ನು ತಮ್ಮ ಮತಕ್ಕೆ ಎಳೆದಾರೆಂದು ಅಪ್ಪ ಬಾಗಿಲಲ್ಲೇ ಬಿಗಿದುಕೊಂಡು ನಿಂತರು. ಆದರೆ ಮಾತಾಡಿದವಳು ಅಜ್ಜಿ.

“ಇಷ್ಟು ದಿನಾ ಅವನ ಸುದ್ದಿ ನನಗ ಹೇಳಿದೆಪಾ. ಇನ್ನ ನನ್ನ ಸುದ್ದಿ ಅವಗ ಹೇಳು.”

ಅವರು ಕಣ್ಣು ಮುಚ್ಚಿ ಕೈ ಜೋಡಿಸಿದರು. “ಸ್ವಾಮೀ, ಈ ಅಜ್ಜಿ ವಿಜಾಪುರದಾಕಿ. ಮಕ್ಕಳನ್ನ ಕಷ್ಟಾಪಟ್ಟು ಬೆಳಸ್ಯಾಳ. ಕಣ್ಣು ಹೋದರೂ ಒಬ್ಬರಿಗೂ ಬಿರುಸು ಮಾತಾಡಿಲ್ಲ.”

“ಸುಳ್ಳು ಹೇಳಬ್ಯಾಡೋ ಮಾರಾಯಾ,” ಎಂದಳು ಅಜ್ಜಿ. “ಸೊಸಿಗೆ ಭಾಳ ಬೈದೀನಿ. ಅದನೂ ಹೇಳು.”

ಅವರು ಅದನ್ನೂ ಹೇಳಿದರು. ಅಪ್ಪ ಬಾಗಿಲು ಬಿಟ್ಟು ಬಂದು, ಅವರಿಗೆ ಒತ್ತಿಕೊಂಡು ಕೂತರು.