ಎಂಟನೇ ಮೊಳೆ

ನನ್ನ ನಾದಿನಿ ಯುದ್ಧಕ್ಕೆ ಮುಂಚೆ ಬಸ್ಸು ಓಡಿಸುತ್ತಿದ್ದಳು, ಯುದ್ಧ ಮುಗಿದ ಮೇಲೂ ಬಸ್ಸೇ ಓಡಿಸಿದಳು. ನಡುವೆ ಮೂರು ವರ್ಷ ಸೈನ್ಯದ ವಿಮಾನ ಹಾರಿಸಿದಳು. ಮುಂಚೂಣಿಯಲ್ಲಿ ಗಾಯಗೊಂಡವರನ್ನು ಹೊತ್ತು ತರುವುದು ಅವಳ ಕೆಲಸ. ವರ್ಷಗಟ್ಟಲೆ ಅವಳ ಬಸ್ಸಿನಲ್ಲಿ ಓಡಾಡಿದವರಿಗೇ ಈ ಸಂಗತಿ ಗೊತ್ತಿರಲಿಲ್ಲ. ಅವಳು ಹೇಳಿಕೊಳ್ಳುವ ಪೈಕಿ ಅಲ್ಲ, ನಾನು ಹೇಳುವ ಪೈಕಿ. ನಾನು ಓದಿದ್ದು ನಾಲ್ಕನೇ ಕ್ಲಾಸು, ಆದರೆ ಕಂಡದ್ದನ್ನು ಮರೆತವಳಲ್ಲ.

ನಮ್ಮ ಮನೆಯವರು ಸೈನ್ಯದ ಅಡುಗೆಮನೆಗೆ ಹೋಗಿದ್ದರು. ಮನೆಯಲ್ಲಿ ಅತ್ತೆ, ನಾನು, ಅವಳು. ವಿಮಾನ ಕಲಿಯುತ್ತೇನೆ ಎಂದು ಅವಳು ಅರ್ಜಿ ಹಾಕಿದಾಗ ಅತ್ತೆ ಮೂರು ದಿನ ಮಾತು ಬಿಟ್ಟರು. ನಾಲ್ಕನೇ ದಿನ ಬಾಯಿ ಬಿಟ್ಟದ್ದು ನನ್ನ ಮೇಲೆ.

"ಅವಳು ಮೇಲೆ ಹೋಗಲಿ, ನೀನು ಕೆಳಗಿದ್ದು ನೋಡ್ಕೋ. ಹೆಚ್ಚುಕಮ್ಮಿ ಆದ್ರೆ ನಾನು ಕೇಳೋದು ನಿನ್ನನ್ನೇ."

ಮಗಳು ಮಾಡಿದ್ದಕ್ಕೂ ಸೊಸೆಯೇ ಉತ್ತರ ಕೊಡಬೇಕು, ಅದು ಅತ್ತೆಯ ಕಾಯಿದೆ. ಹಾಗಾಗಿ ನಾನೂ ಅದೇ ವಿಮಾನ ಮೈದಾನದಲ್ಲಿ ಪ್ಯಾರಾಚೂಟ್ ಮಡಚುವ ಕೆಲಸಕ್ಕೆ ಸೇರಿದೆ.

ಉದ್ದನೆಯ ಹಾಲ್, ಅದರ ಉದ್ದಕ್ಕೂ ಮೇಜುಗಳು. ಮೇಜಿನ ಮೇಲೆ ಬಟ್ಟೆಯನ್ನು ಚಾಚಿ, ಹಗ್ಗಗಳನ್ನು ಸಿಕ್ಕು ಬಿಡಿಸಿ, ಪಟ್ಟಿಪಟ್ಟಿಯಾಗಿ ನಿರಿಗೆ ಹಿಡಿಯಬೇಕು. ಆ ಬಟ್ಟೆ ಬಲು ನುಣುಪು, ಕೈ ತೆಗೆದರೆ ಜಾರಿಬಿಡುತ್ತದೆ. ಅದಕ್ಕೆ ಒಬ್ಬೊಬ್ಬಳಿಗೂ ಅಂಗೈ ಅಗಲದ ಎಂಟು ಮರಳಿನ ಚೀಲ ಕೊಟ್ಟಿದ್ದರು. ನಿರಿಗೆಯ ಮೇಲೆ ಭಾರಕ್ಕೆ ಇಡುವುದು, ಮಡಚುತ್ತಾ ಒಂದೊಂದಾಗಿ ತೆಗೆಯುವುದು. ಒಂದು ಚೀಲ ಒಳಗೆ ಉಳಿದರೂ ಹಗ್ಗಕ್ಕೆ ಸಿಕ್ಕಿಕೊಂಡು ಪ್ಯಾರಾಚೂಟ್ ಬಿಚ್ಚಿಕೊಳ್ಳದೇ ಹೋಗಬಹುದು. ಹಾಗಾಗಿ ಪ್ರತಿಯೊಬ್ಬಳ ಹಿಂದೆಯೂ ಗೋಡೆಗೆ ಎಂಟು ಮೊಳೆ ಹೊಡೆದಿದ್ದರು. ಕೆಲಸ ಮುಗಿದ ಮೇಲೆ ಎಂಟೂ ಚೀಲ ಮೊಳೆಯಲ್ಲಿ ನೇತಾಡಬೇಕು. ನಮ್ಮ ಮೇಲ್ವಿಚಾರಕಿ, ಎಲ್ಲರೂ ದೊಡ್ಡಕ್ಕ ಅಂತಿದ್ದೆವು, ಮೊಳೆಗಳನ್ನು ನೋಡಿ ತಲೆ ಆಡಿಸಿದ ಮೇಲೇ ಪ್ಯಾರಾಚೂಟ್ ಹಾಲಿನ ಬಾಗಿಲು ದಾಟಬೇಕು. ಮಡಚಿದವಳು ಚೀಟಿಯಲ್ಲಿ ಸಹಿ ಹಾಕಿ ಅದರ ಜೇಬಿಗೆ ತುರುಕಬೇಕು. ನಾನು ನೆಟ್ಟಗೆ ಸಹಿ ಹಾಕಲು ಕಲಿತದ್ದೇ ಅಲ್ಲಿ.

ನಾದಿನಿ ನನ್ನ ಸಹಿ ಇಲ್ಲದ ಪ್ಯಾರಾಚೂಟ್ ಮುಟ್ಟುತ್ತಿರಲಿಲ್ಲ. ಮೆಕ್ಯಾನಿಕ್‌ಗಳು ಅವಳನ್ನು ರೇಗಿಸುತ್ತಿದ್ದರು. "ಡ್ರೈವರಕ್ಕ, ಮುಂದಿನ ಸ್ಟಾಪ್ ಯಾವುದು?"

"ಟಿಕೆಟ್ ತಗೊಂಡವರಿಗೆ ಮಾತ್ರ ಹೇಳೋದು. ನೀನು ಕೆಳಗಿದ್ದು ಬೋಲ್ಟು ತಿರುಗಿಸು," ಅಂತಿದ್ದಳು.

ಆವತ್ತು ಬೆಳಿಗ್ಗೆ ಹತ್ತು ಗಂಟೆ. ನಾನು ಕೊನೆಯ ಮಡಿಕೆ ಒಳಗೆ ಸೇರಿಸಿ ದಾರ ಬಿಗಿಯುತ್ತಿದ್ದೆ. ನಾದಿನಿ ಓಡಿ ಬಂದಳು.

"ಅತ್ತಿಗೆ, ಕೊಡು ಬೇಗ. ಮುಂಚೂಣಿಯ ಮೈದಾನದಲ್ಲಿ ನಾಲ್ಕು ಜನ ಗಾಯ ಆಗಿ ಬಿದ್ದಿದಾರೆ. ಮಧ್ಯಾಹ್ನದೊಳಗೆ ಆ ಮೈದಾನ ಕೈ ತಪ್ಪುತ್ತಂತೆ."

"ತಾಳು, ದೊಡ್ಡಕ್ಕ ಬಂದು ನೋಡಲಿ."

ದೊಡ್ಡಕ್ಕ ಹಾಲಿನ ಆ ತುದಿಯಲ್ಲಿ ಯಾರದ್ದೋ ಹೊಲಿಗೆ ಬಿಚ್ಚಿಸುತ್ತಿದ್ದಳು. ನನ್ನ ಚೀಲಗಳು ಇನ್ನೂ ಮೇಜಿನ ಮೇಲೇ ಚೆಲ್ಲಾಡಿದ್ದವು.

"ದೊಡ್ಡಕ್ಕ ಬರೋವರೆಗೂ ಆ ಗಾಯದವರ ರಕ್ತ ನಿಂತಿರುತ್ತಾ? ನಿನ್ನ ಕೈ ನನಗೆ ಗೊತ್ತಿಲ್ವಾ? ಕೊಡೇ."

ಕೊಟ್ಟುಬಿಟ್ಟೆ. ಅವಳು ಅದನ್ನು ಬೆನ್ನಿಗೆ ಹಾಕಿಕೊಂಡು ಓಡಿದಳು. ಇಂಜಿನ್ನಿನ ಸದ್ದು ಮಾಡಿನ ತಗಡನ್ನು ನಡುಗಿಸಿ ದೂರವಾಯಿತು.

ಅಷ್ಟರಲ್ಲಿ ಹೊಸ ಬಟ್ಟೆಯ ಮೂಟೆ ಇಳಿಸಲು ಕರೆದರು. ಒಂದು ಗಂಟೆಯ ಮೇಲೆ ಮೇಜಿಗೆ ವಾಪಸು ಬಂದು ಚೀಲಗಳನ್ನು ಮೊಳೆಗೆ ಹಾಕುತ್ತಾ ಬಂದೆ. ಏಳು ಹಾಕಿದೆ. ಎಂಟನೇ ಮೊಳೆ ಖಾಲಿ.

ಮೇಜಿನ ಕೆಳಗೆ ಬಗ್ಗಿದೆ. ಏಪ್ರನ್ನಿನ ಜೇಬು ಹೊರಗೆ ತಿರುಗಿಸಿದೆ. ಪಕ್ಕದ ಮೇಜಿನವಳ ಕಾಲ ಬಳಿ ಕೈಯಾಡಿಸಿದೆ. "ಏನು ಕಳ್ಕೊಂಡ್ಯೇ?" ಅಂದಳು. "ಸೂಜಿ," ಅಂದೆ.

ನನ್ನ ಡ್ರಾಯರಿನಲ್ಲಿ ಒಂದು ಹಳೆಯ ಚೀಲ ಇತ್ತು, ಹೊಲಿಗೆ ಬಿಟ್ಟಿದ್ದು. ಅದನ್ನು ಮೊಳೆಗೆ ಹಾಕಿದರೆ ಮುಗಿಯಿತು, ದೊಡ್ಡಕ್ಕ ಬಂದು ತಲೆ ಆಡಿಸಿ ಹೋಗುತ್ತಾಳೆ. ಯುದ್ಧದ ಕಾಲ, ಇಂಥ ತಪ್ಪಿಗೆ ಕೆಲಸ ಹೋಗುವುದಿರಲಿ, ಬೇಕೆಂದೇ ಮಾಡಿದಳು ಅಂತ ಎಳೆದೊಯ್ಯಲೂಬಹುದು. ಸುಳ್ಳು ಯಾಕೆ, ನಾನು ಡ್ರಾಯರು ಎಳೆದೆ. ಆ ಚೀಲವನ್ನು ಕೈಗೂ ತೆಗೆದುಕೊಂಡೆ. ಅಷ್ಟರಲ್ಲಿ ನಾದಿನಿ ಗಾಳಿಯಲ್ಲಿ ಬೀಳುತ್ತಾ ಹಗ್ಗ ಎಳೆಯುತ್ತಿರುವುದು, ಮತ್ತೆ ಎಳೆಯುತ್ತಿರುವುದು ಕಣ್ಣಿಗೆ ಕಟ್ಟಿತು. ಚೀಲವನ್ನು ಅಲ್ಲೇ ಹಾಕಿ ದೊಡ್ಡಕ್ಕನ ಮುಂದೆ ಹೋಗಿ ನಿಂತೆ.

"ಅಕ್ಕಾ, ನನ್ನದು ಏಳೇ ಇದೆ. ಪ್ಯಾರಾಚೂಟ್ ಹೋಗಿಬಿಟ್ಟಿದೆ."

ದೊಡ್ಡಕ್ಕ ಬೈಯಲಿಲ್ಲ. ನನ್ನ ಮುಖ ನೋಡಿದಳು, ಗೋಡೆ ನೋಡಿದಳು. ಆಮೇಲೆ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಓಡಿದಳು. ಐವತ್ತು ದಾಟಿದ ಹೆಂಗಸು ಹಾಗೆ ಓಡಿದ್ದನ್ನು ನಾನು ಮತ್ತೆ ನೋಡಿಲ್ಲ.

ವೈರ್‌ಲೆಸ್ ಕೋಣೆ ಬೆಂಕಿಪೆಟ್ಟಿಗೆಯಷ್ಟು. ಕಿವಿಗೆ ಯಂತ್ರ ಹಾಕಿಕೊಂಡವನೊಬ್ಬ ಕೂತಿದ್ದ. ಅವನ ಹಿಂದೆ ಮೈದಾನದ ಅಧಿಕಾರಿ ನಿಂತಿದ್ದರು. ಅವರ ಹಣೆ ಬೆವೆತಿತ್ತು. ನಾದಿನಿ ನಾಲ್ವರನ್ನೂ ಹತ್ತಿಸಿಕೊಂಡು ಹೊರಟಿದ್ದಳು. ಆದರೆ ಮೇಲೇರುವಾಗ ಕೆಳಗಿಂದ ಗುಂಡು ಹೊಡೆದಿದ್ದರು. ಒಂದು ಇಂಜಿನ್ ನಿಂತಿತ್ತು, ಚಕ್ರ ಕೆಳಗಿಳಿಯುತ್ತಿರಲಿಲ್ಲ.

ಅಧಿಕಾರಿ ಮೈಕಿನಲ್ಲಿ ಹೇಳುತ್ತಿದ್ದರು. "ಮೈದಾನದ ಮೇಲೆ ಬಂದು ನೀನು ಪ್ಯಾರಾಚೂಟಲ್ಲಿ ಹಾರಿಕೋ. ಚಕ್ರ ಇಲ್ಲದೆ ಇಳಿಸಿದ್ರೆ ಒಬ್ಬರೂ ಉಳಿಯಲ್ಲ. ನೀನಾದ್ರೂ ಉಳ್ಕೋ. ಇದು ಆರ್ಡರ್."

"ಹಾರಬಾರದು ಸ್ವಾಮಿ," ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ದೊಡ್ಡಕ್ಕ ಮಧ್ಯೆ ಬಾಯಿ ಹಾಕಿ ಇದ್ದದ್ದನ್ನು ಎರಡು ಮಾತಿನಲ್ಲಿ ಹೇಳಿದಳು. ಅಧಿಕಾರಿ ನನ್ನನ್ನು ನುಂಗುವ ಹಾಗೆ ನೋಡಿ ಮೈಕನ್ನು ನನ್ನ ಮುಖಕ್ಕೆ ಹಿಡಿದರು. "ನೀನೇ ಹೇಳು."

ಆ ಮಾತು ಹೇಗೆ ಹೊರಗೆ ಬಂತೋ. "ನಾನು ಕಣೇ, ಅತ್ತಿಗೆ. ಹಾರಬೇಡ. ಒಂದು ಮರಳಿನ ಚೀಲ ಒಳಗೇ ಉಳಿದಿರಬೇಕು. ಅದು ಬಿಚ್ಚಿಕೊಳ್ಳುತ್ತೋ ಇಲ್ವೋ ಗೊತ್ತಿಲ್ಲ. ತಪ್ಪು ನನ್ನದು."

ಬರೀ ಗರಗರ ಸದ್ದು. ಆಮೇಲೆ ಅವಳ ದನಿ ಬಂತು.

"ಅದಕ್ಕಾ ಅಳ್ತಿದೀಯ? ಅದು ನನ್ನ ಬೆನ್ನ ಮೇಲೆ ಇದ್ರೆ ತಾನೆ. ಇಲ್ಲೊಬ್ಬನ ತಲೆ ಕೆಳಗೆ ದಿಂಬು ಮಾಡಿದೀನಿ."

ಅಧಿಕಾರಿ ಮೈಕ್ ಕಿತ್ತುಕೊಂಡರು. "ಏನಂದೆ? ಬಿಚ್ಚಿಟ್ಟಿದೀಯಾ?"

"ಹೌದು ಸರ್. ಇವರ್ಯಾರಿಗೂ ಇಲ್ಲ, ನನಗೊಬ್ಬಳಿಗೆ ಯಾಕೆ? ಪ್ಯಾಸೆಂಜರ್ ಇದ್ದಾಗ ಡ್ರೈವರ್ ಜಿಗಿಯೋ ಹಾಗಿಲ್ಲ. ರನ್‌ವೇ ಪಕ್ಕದ ಹುಲ್ಲಿನ ಮೇಲೆ ಹೊಟ್ಟೆ ಊರಿ ಇಳಿಸ್ತೀನಿ. ನೀರಿನ ಗಾಡಿ ಕಳಿಸಿ. ಅತ್ತಿಗೆ ಅಲ್ಲೇ ಇದಾಳಾ? ಅಮ್ಮನ ಹತ್ರ ಬಾಯಿ ಬಿಡಬೇಡ ಅನ್ನಿ."

ನಾವೆಲ್ಲ ಹೊರಗೆ ಬಂದೆವು. ಡ್ರೈವರಕ್ಕ ಅಂತ ರೇಗಿಸುತ್ತಿದ್ದ ಮೆಕ್ಯಾನಿಕ್‌ಗಳು ಬಕೆಟ್ಟು ಹಿಡಿದು ಸಾಲಾಗಿ ನಿಂತಿದ್ದರು. ವಿಮಾನ ಒಂದು ಕಡೆಗೆ ವಾಲಿಕೊಂಡು ಬಂತು. ಹುಲ್ಲಿಗೆ ಇನ್ನೇನು ತಾಗಬೇಕು, ಅಷ್ಟರಲ್ಲಿ ಉಳಿದಿದ್ದ ಇಂಜಿನ್ನಿನ ಸದ್ದೂ ನಿಂತೇಹೋಯಿತು. ಅವಳೇ ಆರಿಸಿದ್ದಂತೆ, ಬೆಂಕಿ ಹತ್ತದಿರಲಿ ಅಂತ. ಆ ಮೌನದಲ್ಲಿ ಹೊಟ್ಟೆ ನೆಲಕ್ಕೆ ಉಜ್ಜಿದ ಸದ್ದು ಇವತ್ತಿಗೂ ನನ್ನ ಹಲ್ಲಿನಲ್ಲಿದೆ. ಮಣ್ಣು, ಹುಲ್ಲು ಎದ್ದು ಮುಚ್ಚಿಕೊಂಡವು. ದೂಳು ಅಡಗಿದಾಗ ಮೇಲಿನ ಮುಚ್ಚಳ ತೆರೆದು ಅವಳ ಕೈ ಹೊರಗೆ ಬಂತು. ಮೊದಲು ಗಾಯಾಳುಗಳನ್ನು ಇಳಿಸಿ ಅಂತ ಬೆರಳು ಆಡಿಸಿತು.

ನಾಲ್ವರೂ ಜೀವಂತ ಇಳಿದರು. ಅವಳ ಬಲಗೈ ಮುರಿದಿತ್ತು. ಕೊನೆಗೆ ಇಳಿದ ಗಾಯಾಳು ಸ್ಟ್ರೆಚರ್ ಮೇಲೆ ಹೋಗುತ್ತಾ ಗೊಣಗಿದ. "ಯಾರಪ್ಪಾ ಈ ದಿಂಬು ಮಾಡಿದ್ದು? ದಾರಿಯುದ್ದಕ್ಕೂ ಒಂದು ಗಂಟು ಕತ್ತಿಗೆ ಒತ್ತಿತು."

ದೊಡ್ಡಕ್ಕ ಆ ಪ್ಯಾರಾಚೂಟನ್ನು ನನ್ನ ಮೇಜಿನ ಮೇಲೇ ಬಿಚ್ಚಿದಳು. ಹಗ್ಗಗಳೆಲ್ಲ ಕೂಡುವ ಜಾಗದಲ್ಲಿ ಚೀಲ ಬೆಚ್ಚಗೆ ಕೂತಿತ್ತು. ತಾನಾಗಿ ಬಂದು ಹೇಳಿದಳು ಅಂತ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಮೇಜು ಕಿತ್ತುಕೊಂಡು ಪೊರಕೆ ಕೊಟ್ಟರು. ಎರಡು ತಿಂಗಳು ಆ ಹಾಲ್ ಗುಡಿಸಿದೆ.

ಆಸ್ಪತ್ರೆಯಲ್ಲಿ ಅವಳನ್ನು ಕೇಳಿದೆ. "ಎಷ್ಟು ದಿನದಿಂದ ನಡೀತಿದೆ ಈ ದಿಂಬಿನ ವ್ಯವಹಾರ?"

"ಮೊದಲನೇ ಟ್ರಿಪ್ಪಿಂದ."

"ಮತ್ತೆ ನನ್ನ ಕೈಲೇ ಮಡಚಿಸಬೇಕು ಅಂತ ಯಾಕೆ ಪ್ರಾಣ ತಿಂತಿದ್ದೆ?"

"ಹೋಗುವಾಗ ಒಬ್ಬಳೇ ಇರ್ತೀನಲ್ಲ ಅತ್ತಿಗೆ. ಆಗ ಹಾಕ್ಕೊಂಡೇ ಇರ್ತೀನಿ. ನನಗೇನು ಸಾಯೋ ಆಸೆನಾ?"

ಆವತ್ತೂ ಹೋಗುವಾಗ ಅವಳ ಬೆನ್ನ ಮೇಲಿದ್ದದ್ದು ಅದೇ. ಅದನ್ನು ನೆನೆದು ನಾನು ಎದ್ದು ವರಾಂಡಕ್ಕೆ ಹೋದೆ.

ಕೈ ಕೂಡಿದ ಮೇಲೆ ಅವಳು ಮತ್ತೆ ಹಾರಲು ಬಂದಳು. ನನಗೂ ಮೇಜು ವಾಪಸು ಸಿಕ್ಕಿ ಎರಡೇ ದಿನವಾಗಿತ್ತು. ಅವಳ ಪ್ಯಾರಾಚೂಟ್ ಬೇರೆಯವಳು ಮಡಚಲಿ ಅಂದೆ. ಅವಳು ಕೇಳಲಿಲ್ಲ. ಮಡಚಿ ಮುಗಿಸುವವರೆಗೂ ಬಾಗಿಲಲ್ಲಿ ನಿಂತಿದ್ದಳು, ಬೇಗ ಅನ್ನಲಿಲ್ಲ. ನಾನು ಚೀಲಗಳನ್ನು ಹಾಕಿದೆ. ದೊಡ್ಡಕ್ಕ ನೋಡಿ ತಲೆ ಆಡಿಸಿದಳು. ಆಮೇಲೆ ನಾದಿನಿ ಗೋಡೆಯ ಹತ್ತಿರ ಬಂದು ಒಂದೊಂದು ಚೀಲವನ್ನೂ ಬೆರಳಿನಿಂದ ಮುಟ್ಟಿ, ಬಾಯಿಬಿಟ್ಟು ಎಣಿಸಿದಳು. ಎಂಟು ಅಂದಾದ ಮೇಲೆ ನನ್ನ ಕಡೆ ಬೆನ್ನು ತಿರುಗಿಸಿ ನಿಂತಳು.

"ಈಗ ಕಟ್ಟು."